ಸೆರಗೊಡ್ಡಿ ತಂದ ಅರಿವೆ

ಎರ್ನಾಕುಳದ ಕಲೂರಿನ ನಮ್ಮ ಬಾಡಿಗೆ ಮನೆಯಲ್ಲಿದ್ದ ಯಾವ ಬಟ್ಟೆಯೂ ತನ್ನ ಮೊದಲ ಕೆಲಸದಲ್ಲಿ ಉಳಿದಿರಲಿಲ್ಲ. ಬಾಗಿಲ ಬಳಿಯ ಕಾಲೊರಸು ಒಂದು ಕಾಲಕ್ಕೆ ಅಪ್ಪನ ಪೈಜಾಮ. ಅಡುಗೆಮನೆಗೂ ನಡುಮನೆಗೂ ಮಧ್ಯೆ ತೂಗುತ್ತಿದ್ದ ಪರದೆ ಅವ್ವನ ಎರಡು ಇಳಕಲ್ ಸೀರೆಗಳಲ್ಲಿ ಗಟ್ಟಿಯಾಗಿ ಉಳಿದ ಭಾಗ. ರೇಡಿಯೋ ಹೊದ್ದುಕೊಂಡಿದ್ದ ಚೌಕುಳಿ ಮುಸುಕು ನನ್ನ ಹಳೆಯ ಲಂಗಗಳಿಂದ ಹುಟ್ಟಿದ್ದು. ನಾನು ಯಾವ ವಯಸ್ಸಿನಲ್ಲಿ ಯಾವ ಬಣ್ಣ ತೊಡುತ್ತಿದ್ದೆ ಎಂದು ಅದನ್ನು ನೋಡಿ ಹೇಳಬಹುದಿತ್ತು. ಧಾರವಾಡದಿಂದ ಅಪ್ಪನಿಗೆ ಎರ್ನಾಕುಳಕ್ಕೆ ವರ್ಗವಾದಾಗ ಅವ್ವ ತಂದ ಎರಡು ಟ್ರಂಕುಗಳಲ್ಲಿ ಒಂದರ ತುಂಬ ಚಿಂದಿಯೇ ಇತ್ತು. ರೈಲಿನಲ್ಲಿ ಅಪ್ಪ ಆ ಟ್ರಂಕಿನ ಮೇಲೆಯೇ ಕೂತು ಬಂದರಂತೆ, ಯಾರಾದರೂ ತೆಗೆದು ನೋಡಿಯಾರು ಎಂಬ ಅಂಜಿಕೆಗೆ. ಅವರು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯ ನೌಕರರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಿಲ್ಲದೆ ಹೊಸಿಲು ದಾಟಿದವರಲ್ಲ. ಮನೆಯೊಳಗಿನ ತೇಪೆಗಳನ್ನು ಅವರು ಸಹಿಸಿಕೊಂಡಿದ್ದರು, ಅಷ್ಟೆ. ಬಂದವರ ಕಣ್ಣಿಗೆ ಬೀಳುವ ಮುಂಭಾಗದ ಕೋಣೆಯಲ್ಲಿ ಮಾತ್ರ ಅಂಗಡಿಯಿಂದ ಕೊಂಡ ಹಸಿರು ಮೇಜುಬಟ್ಟೆ ಇರಲೇಬೇಕೆಂದು ಹಟ ಹಿಡಿದಿದ್ದರು. ಅದು ಅಲ್ಲಿ ಒಬ್ಬಂಟಿಯಾಗಿ, ಅತಿಥಿಯ ಹಾಗೆ ಇತ್ತು.

ಅವ್ವನ ನಿಜವಾದ ಕಸುಬು ಕೌದಿ. ಒಂದು ಹಳೆಯ ಸೀರೆಯನ್ನು ಕೆಂಪು ಗಾರೆಯ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ತಂಬಿಗೆ, ಒರಳುಗುಂಡು ಏನು ಸಿಕ್ಕರೆ ಅದನ್ನಿಟ್ಟು, ಮೇಲೆ ತುಂಡುಗಳನ್ನು ಹೊಂದಿಸುತ್ತ ಅಂಚಿನಿಂದ ಒಳಕ್ಕೆ ಹೊಲಿದುಕೊಂಡು ಹೋಗುವುದು. ಚಳಿಯೆಂಬುದೇ ಇಲ್ಲದ ಊರಿನಲ್ಲಿ ಕೌದಿ ಯಾತಕ್ಕೆ ಎಂದು ಯಾರೂ ಅವಳನ್ನು ಕೇಳಲಿಲ್ಲ, ಕೇಳುವಷ್ಟು ಭಾಷೆ ಯಾರಿಗೂ ಇರಲಿಲ್ಲ. ಮಳೆಗಾಲ ಬಂತೆಂದರೆ ಕೌದಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಬಿಸಿಲು ಬಿದ್ದ ಗಳಿಗೆಯಲ್ಲಿ ಅವನ್ನು ಬಾವಿಕಟ್ಟೆಯ ಮೇಲೆ ಹರವುವುದು, ಮೋಡ ಕಂಡೊಡನೆ ಓಡಿಹೋಗಿ ಎತ್ತಿಕೊಂಡು ಬರುವುದು ನನ್ನ ಪಾಲಿನ ಕೆಲಸ. ನನ್ನ ಬಾಲ್ಯದ ಬಹುಭಾಗ ಕೌದಿ ಹೊತ್ತು ಓಡುವುದರಲ್ಲೇ ಕಳೆಯಿತೆಂದರೆ ಉತ್ಪ್ರೇಕ್ಷೆಯೇನಲ್ಲ.

ಪಕ್ಕದ ಮನೆಯ ರೋಸಿ ಚೇಚಿ ಇನ್ನೊಂದು ಬಗೆಯ ಚಿಂದಿಯವಳು. ಫೋರ್ಟ್ ಕೊಚ್ಚಿಯ ಕಡೆಯವಳು, ಗಂಡ ಬಂದರಿನಲ್ಲಿ ಕೆಲಸದಲ್ಲಿದ್ದ. ಚಿಕ್ಕವಳಿದ್ದಾಗ ಕನ್ಯಾಸ್ತ್ರೀಯರ ಬಳಿ ಕ್ರೋಶಾ ಕಲಿತಿದ್ದಳು. ಹೊಸ ದಾರದ ಉಂಡೆ ಅವಳ ಕೈಯಲ್ಲಿ ನಾನು ಕಂಡದ್ದು ಕಡಿಮೆ. ದೊಡ್ಡ ಕೆಲಸಗಳಿಂದ ಉಳಿದ ತುಂಡು ದಾರಗಳನ್ನು ಗಂಟು ಹಾಕಿ ಸುತ್ತಿ, ಉರುಳದಿರಲೆಂದು ಹಿಡಿ ಮುರಿದ ಎನಾಮಲ್ ಮಗ್ಗಿನೊಳಗೆ ಇಟ್ಟುಕೊಂಡು, ಕಡ್ಡಿಯಿಂದ ಕೊಕ್ಕೆ ಹಾಕಿ ಹಾಕಿ ಎಳೆಯುತ್ತಿದ್ದಳು. ಅವಳ ಕೈಯಿಂದ ಇಳಿದ ಒಂದೇ ಹೂವಿನಲ್ಲಿ ನಾಲ್ಕು ಬಗೆಯ ಬಿಳುಪು ಕಾಣುತ್ತಿತ್ತು. ನನಗೆ ಸರಪಳಿ ಹೊಲಿಗೆ ಕಲಿಸಿದ್ದು ಅವಳೇ. ಅವ್ವ ಮತ್ತು ಅವಳು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಎದುರುಬದುರು ಕೂತು, ಇವಳು ಕನ್ನಡದಲ್ಲಿ ಅವಳು ಮಲಯಾಳದಲ್ಲಿ ತಮ್ಮ ತಮ್ಮ ಮಾತು ಆಡಿಕೊಳ್ಳುತ್ತಿದ್ದರು. ಇಬ್ಬರಿಗೂ ಉತ್ತರದ ಅಪೇಕ್ಷೆ ಇದ್ದಂತಿರಲಿಲ್ಲ. ನಾನು ಶಾಲೆಯಿಂದ ಬಂದ ಮೇಲೆ ನನ್ನನ್ನು ನಡುವೆ ಕೂರಿಸಿಕೊಂಡು ಅರ್ಥ ಕೇಳುತ್ತಿದ್ದರು. ಆಗಲೂ ಬಹಳ ಸಲ, ಅರ್ಥ ತಿಳಿದ ಮೇಲೆ ಇಬ್ಬರಿಗೂ ಸ್ವಲ್ಪ ನಿರಾಸೆಯಾದಂತೆ ಕಾಣುತ್ತಿತ್ತು.

ಆ ವರ್ಷ ಅವ್ವ ಬಸುರಿಯಾದಳು. ಮನೆಯಲ್ಲಿ ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಪ್ಪ ಪೇಟೆಯಿಂದ ಕಿತ್ತಳೆ ತರತೊಡಗಿದರು, ಬಾವಿಯಿಂದ ನೀರು ತಾವೇ ಸೇದತೊಡಗಿದರು, ಅದರಿಂದ ನನಗೆ ತಿಳಿಯಿತು. ನನ್ನ ನಂತರ ಒಬ್ಬ ತಮ್ಮ ಹುಟ್ಟಿ, ಕೆಲವು ತಿಂಗಳು ಇದ್ದು ಹೋಗಿದ್ದ. ಧಾರವಾಡದ ಅಜ್ಜಿಯ ಮನೆಯಲ್ಲಿ ಒಂದು ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ್ದು ನನಗೆ ಮಸುಕಾಗಿ ನೆನಪಿತ್ತು. ಅವನ ಹೆಸರನ್ನು ಅವ್ವನೂ ಎತ್ತುತ್ತಿರಲಿಲ್ಲ, ಅಪ್ಪನಂತೂ ಆ ಊರಿನ ಕಡೆಯ ಮಾತು ಬಂದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದರು. ಈ ಸಲ ಹೆರಿಗೆಗೆ ತವರಿಗೆ ಹೋಗುವುದಿಲ್ಲ ಎಂದು ಅವ್ವ ಮೊದಲೇ ಹೇಳಿಬಿಟ್ಟಳು. ಅಜ್ಜಿ ಬಂದು ನಾಲ್ಕು ದಿನ ಇದ್ದು, ಮಗಳನ್ನು ಒಪ್ಪಿಸಲಾರದೆ, ಹೋಗುವಾಗ ಒಂದು ಮಾತು ಹೇಳಿ ಹೋದಳು. ಕೂಸು ಉಳಿಯಬೇಕೆಂದಿದ್ದರೆ ಅದನ್ನು ಮೊದಲು ಮಲಗಿಸುವುದು ಐದು ಮನೆಯ ಅರಿವೆಯ ಕೌದಿಯ ಮೇಲೆ. ಮಕ್ಕಳು ಬೆಳೆದು ದೊಡ್ಡವರಾದ ಮನೆಗಳವು, ಉಟ್ಟು ಮೆತ್ತಗಾದ ಬಟ್ಟೆ, ಬಸುರಿಯೇ ಹೋಗಿ ಕೇಳಿ ತರಬೇಕು. ನಮ್ಮ ಕಡೆ ಇದು ಎಲ್ಲರೂ ಬಲ್ಲ ಪದ್ಧತಿ. ಬಸುರಿ ಹೆಂಗಸು ಸೆರಗೊಡ್ಡಿ ಬಾಗಿಲಲ್ಲಿ ನಿಂತಳೆಂದರೆ ಒಳಗಿನವರು ಏನು ಎತ್ತ ಎಂದು ಕೇಳದೆ ಹಳೆಯ ಸೀರೆಯ ತುಂಡಿಗೆ ಕುಂಕುಮ ಹಚ್ಚಿ ಸೆರಗಿಗೆ ಹಾಕುತ್ತಿದ್ದರು.

ನಾನು ಹೋಗಿ ಕೇಳಿ ತರುತ್ತೇನೆ, ನನಗೆ ಮಲಯಾಳ ಬರುತ್ತದಲ್ಲ ಎಂದೆ. ಅವ್ವ ಒಪ್ಪಲಿಲ್ಲ.

"ನಾನ ಬಾಯಿ ತೆರದು ಕೇಳಬೇಕವಾ. ಕೇಳದ ಬಂದ ಅರಿವಿ ಬರೇ ಅರಿವಿ. ಹೆಂಗ ಕೇಳೂದು ಅಷ್ಟ ಹೇಳಿಕೊಡು ನೀ."

ಹೇಳಿಕೊಟ್ಟೆ. 'ಪಳಯ ತುಣಿ ಉಂಡೋ, ಚೇಚಿ?' ಹಳೆಯ ಬಟ್ಟೆ ಇದೆಯಾ ಅಕ್ಕ, ಇಷ್ಟೇ. ರೊಟ್ಟಿ ತಟ್ಟುತ್ತ, ಪಾತ್ರೆ ತೊಳೆಯುತ್ತ ಅವ್ವ ಅದನ್ನು ಉರು ಹಾಕಿದಳು. ಒಂದು ಬೆಳಿಗ್ಗೆ ಅಪ್ಪ ಕಚೇರಿಗೆ ಹೋದ ಮೇಲೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಗಲ್ಲಿಯ ಐದು ಮನೆಗಳ ಮುಂದೆ ನಿಂತು, ಎರಡು ಕೈಯಲ್ಲಿ ಸೆರಗು ಹಿಡಿದು ಒಡ್ಡಿ ಆ ಒಂದು ವಾಕ್ಯವನ್ನು ಒಪ್ಪಿಸಿದಳು. ನಾನು ಗೇಟಿನ ಬಳಿ ನಿಂತು ನೋಡುತ್ತಿದ್ದೆ. ಉಚ್ಚಾರ ಚೆನ್ನಾಗಿಯೇ ಇತ್ತು. ಆ ಗಲ್ಲಿಗೆ ಹಳೆ ಬಟ್ಟೆ ಕೇಳಿಕೊಂಡು ಬರುತ್ತಿದ್ದವರು ಎರಡೇ ಬಗೆಯವರು: ಬಟ್ಟೆಗೆ ಬದಲು ಪಾತ್ರೆ ಕೊಡುವವರು ಮತ್ತು ಭಿಕ್ಷುಕರು. ಅವ್ವನ ಬಳಿ ಪಾತ್ರೆ ಇರಲಿಲ್ಲ. ಮನೆಯ ಒಡತಿ ಭಾರ್ಗವಿಯಮ್ಮ, ನಮ್ಮ ಕಾಂಪೌಂಡಿನಲ್ಲೇ ದೊಡ್ಡ ಮನೆಯಲ್ಲಿದ್ದವರು, ಅವ್ವನ ಮುಖವನ್ನೂ ಹೊಟ್ಟೆಯನ್ನೂ ಸೆರಗನ್ನೂ ನೋಡಿ, ಒಂದೂ ಮಾತಾಡದೆ ಒಳಗೆ ಹೋಗಿ, ಹೆಚ್ಚುಕಡಿಮೆ ಹೊಸದೆನ್ನಬಹುದಾದ ಒಂದು ಮುಂಡು, ಅಲ್ಲಿಯವರು ಉಡುವ ಬಿಳಿ ಪಂಚೆ, ತಂದು ಹಾಕಿದರು. ಅವ್ವ ಹಿಗ್ಗಿ ಬಂದಳು. ಈ ಊರಿನವರು ಇಷ್ಟು ಒಳ್ಳೆಯವರೆಂದು ತಿಳಿದಿರಲಿಲ್ಲ ಎಂದಳು. ರೋಸಿ ಚೇಚಿಯೊಬ್ಬಳೇ ಏನೂ ಕೊಡಲಿಲ್ಲ. ಅವಳ ಮಕ್ಕಳೂ ಬೆಳೆದಿದ್ದರು, ಆದರೆ ಆ ಮನೆಯ ಹಳೆ ಬಟ್ಟೆಯೆಲ್ಲ ಅಣ್ಣನ ಮಕ್ಕಳಿಗೆ ಹೋಗುತ್ತಿತ್ತು. ಆಮೇಲೆ ಕೊಡುತ್ತೇನೆ ಎಂದು ಕೈಸನ್ನೆ ಮಾಡಿದ್ದಳು.

ಭಾನುವಾರ ಅಪ್ಪ ಮುಂಭಾಗದ ಕೋಣೆಯಲ್ಲಿ ಪೇಪರು ಓದುತ್ತಿದ್ದಾಗ ಭಾರ್ಗವಿಯಮ್ಮನೂ ಗಲ್ಲಿಯ ಇನ್ನಿಬ್ಬರು ಹೆಂಗಸರೂ ಒಂದು ದೊಡ್ಡ ಗಂಟು ಹೊತ್ತು ಬಂದರು. ಒಗೆದು ಮಡಿಸಿದ ಬಟ್ಟೆಗಳು. ನನಗೆ ಎರಡು ಫ್ರಾಕು, ಅವ್ವನಿಗೆ ಸೀರೆ, ಅಪ್ಪನಿಗೆ ಅಂಗಿ. ಮೇಲೆ ಒಂದು ಚೀಲ ಅಕ್ಕಿ. ಹಸಿರು ಮೇಜುಬಟ್ಟೆಯ ಮೇಲೆ ಅದನ್ನಿಟ್ಟು, ಸಾರ್ ಬೇಸರ ಮಾಡಿಕೊಳ್ಳಬಾರದು, ಪರಸ್ಥಳದಲ್ಲಿ ಯಾರಿಗಾದರೂ ಕಷ್ಟ ಬರಬಹುದು ಎಂದು ಭಾರ್ಗವಿಯಮ್ಮ ಮೆಲ್ಲಗೆ ಹೇಳಿ ಹೊರಟರು. ಅಪ್ಪನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ಕನ್ನಡದಲ್ಲಿ ಹೇಳಿದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟರು.

ಅಪ್ಪ ಕೂಗಾಡುವವರಲ್ಲ. ಸಿಟ್ಟು ಬಂದಷ್ಟೂ ದನಿ ಕೆಳಗಿಳಿಯುತ್ತಿತ್ತು.

"ಇದ ಗಲ್ಲ್ಯಾಗ ನಮ್ಮ ಆಫೀಸಿನವರು ಇಬ್ಬರು ಅದಾರ. ನಾಳೆ ನಾ ಅಲ್ಲಿ ಮಾರಿ ಹೆಂಗ ಎತ್ತಲಿ? ಎಲ್ಲಾ ತಿರುಗಿ ಕೊಟ್ಟು ಬಾ. ನೀ ಇಸಗೊಂಡು ಬಂದದ್ದನ್ನೂ."

"ಈ ಗಂಟು ನಾ ಕೇಳಿಲ್ಲರೀ, ಇದನ್ನ ಕೊಟ್ಟು ಬರ್ರಿ. ಸೆರಗಿನ್ಯಾಗ ಇಸಗೊಂಡದ್ದನ್ನ ಕೊಡಂಗಿಲ್ಲ. ಅದನ್ನ ತಿರುಗಿ ಕೊಟ್ಟರ ಕೂಸನ್ನ ಕೊಟ್ಟಂಗ."

"ಅರಿವಿಯಿಂದ ಕೂಸು ಉಳೀತದೇನು?"

"ಅರಿವಿ ಇಲ್ಲದ ಏನಾತು ನೋಡಿಲ್ಲೇನು ನೀವು?"

ಅವ್ವ ಅಡುಗೆಮನೆಗೆ ಹೋಗಿ ಒಲೆ ಹಚ್ಚದೆ ಕೂತಳು. ಮಧ್ಯಾಹ್ನ ನಾವು ಬಾಳೆಹಣ್ಣು ತಿಂದೆವು. ಅಪ್ಪ ಪೇಟೆಗೆ ಹೋಗಿ ಕೂಸಿಗೆಂದು ಹೊಚ್ಚ ಹೊಸ ಫ್ಲಾನೆಲ್ ಬಟ್ಟೆ ತಂದು ಅವ್ವನ ಪಕ್ಕದಲ್ಲಿಟ್ಟರು. ಅವಳು ಅದನ್ನು ಮುಟ್ಟಲೂ ಇಲ್ಲ. ಸಂಜೆ ಅವರು ಗಂಟನ್ನೂ, ಅವ್ವ ಟ್ರಂಕಿನ ಮೇಲೆ ಹರವಿದ್ದ ಆ ತುಂಡುಗಳನ್ನೂ ಒಟ್ಟಿಗೆ ಕಟ್ಟಿದರು. ಅವ್ವ ತಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಕೂತಳು, ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಅಪ್ಪ ಇಂಗ್ಲಿಷಿನಲ್ಲಿ ವ್ಯವಹರಿಸಬಲ್ಲವರು, ಆದರೆ ಭಾರ್ಗವಿಯಮ್ಮನಿಗೆ ಇಂಗ್ಲಿಷು ಬಾರದು. ಹೀಗಾಗಿ ನನ್ನನ್ನು ಕರೆದುಕೊಂಡು ಹೋದರು.

ಭಾರ್ಗವಿಯಮ್ಮ ಜಗಲಿಯಲ್ಲಿ ದೀಪ ಹಚ್ಚಿ ಏಳುತ್ತಿದ್ದರು. ಅಪ್ಪ ಗಂಟನ್ನು ಅವರೆದುರು ಇಳಿಸಿ, ಗಂಜಿಯ ಅಂಗಿಯ ತೋಳು ಸರಿಪಡಿಸಿಕೊಂಡು, "ನಾವು ಬಡವರಲ್ಲ ಅಂತ ಹೇಳವಾ. ಉಪಕಾರ ಆತು ಅಂತ ಹೇಳು," ಎಂದರು. ಹೇಳಿದೆ. ಭಾರ್ಗವಿಯಮ್ಮ ನನ್ನನ್ನು ಬಿಟ್ಟು ಅಪ್ಪನನ್ನೇ ನೋಡಿದರು. ಹಾಗಾದರೆ ನಿನ್ನ ಅಮ್ಮ ಆ ಥರ ಯಾಕೆ ಬಂದು ನಿಂತಳು, ಮಗಳೆ, ಎಂದು ಕೇಳಿದರು. ಅದು ಕೆಣಕುವ ಪ್ರಶ್ನೆಯಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದು. ನಾನು ಅದನ್ನು ಅಪ್ಪನಿಗೆ ಹೇಳಿದೆ.

ಏನೋ ಒಂದು ಪದ್ಧತಿ ಎಂದು ಅಪ್ಪ ಹೇಳಿ ಮುಗಿಸಬಹುದಿತ್ತು. ಆದರೆ ಗಂಟಿನ ಕಡೆ ನೋಡುತ್ತಲೇ ಹೇಳಿದರು:

"ಹೇಳು. ನಿನ್ನ ಬೆನ್ನಿಗೆ ಎರಡು ಕೂಸು ಹುಟ್ಟಿದ್ವು ಅಂತ. ಎರಡೂ ಉಳೀಲಿಲ್ಲ ಅಂತ ಹೇಳು."

"ಒಬ್ಬನ ತಮ್ಮ ಅಲ್ಲೇನಪ್ಪಾ?"

"ಆಮ್ಯಾಲೆ ಒಬ್ಬಾಕಿ ಇದ್ಲು. ಆಕಿ ಅಳಲೇ ಇಲ್ಲ."

ಭಾರ್ಗವಿಯಮ್ಮ ಕಾಯುತ್ತಿದ್ದರು. ನಾನು ಮಲಯಾಳದಲ್ಲಿ ಹೇಳಿದೆ, ನನಗೆ ಒಬ್ಬ ತಮ್ಮನೂ ಒಬ್ಬಳು ತಂಗಿಯೂ ಇದ್ದರು, ತಮ್ಮ ಕೆಲವು ತಿಂಗಳು ಇದ್ದ, ತಂಗಿ ಅಳಲಿಲ್ಲ, ಈಗ ಬರುವ ಕೂಸು ಉಳಿಯಲೆಂದು ಅಮ್ಮ ಮಕ್ಕಳೊಂದಿಗರ ಮನೆಯ ಹಳೆ ಬಟ್ಟೆ ಕೇಳಿದಳು ಎಂದು. ಶಾಲೆಯಲ್ಲಿ ಪ್ರಶ್ನೆಗೆ ಉತ್ತರ ಒಪ್ಪಿಸುವ ದನಿಯಲ್ಲೇ ಹೇಳಿದೆ, ವಾಕ್ಯಗಳೂ ಸರಿಯಾಗಿಯೇ ಬಂದವು. ನನಗೊಬ್ಬ ತಂಗಿ ಇದ್ದಳೆಂದು ನಾನು ತಿಳಿದದ್ದು ಹೀಗೆ. ಕೇಳಿದ ಮರುಕ್ಷಣವೇ ಅದನ್ನು ಬೇರೆ ಭಾಷೆಯಲ್ಲಿ ಇನ್ನೊಬ್ಬರಿಗೆ ಹೇಳಬೇಕಾಗಿ ಬಂದುದರಿಂದ ದುಃಖಪಡಲು ನನಗೆ ಪುರಸೊತ್ತು ಸಿಗಲಿಲ್ಲ. ಮುಂದೆ ಬದುಕಿನಲ್ಲಿ ನಾನು ಸ್ವಲ್ಪ ತಣ್ಣಗಿನ ಹೆಂಗಸು ಎಂಬ ಹೆಸರು ಪಡೆದೆ. ಅದು ಆ ಜಗಲಿಯಲ್ಲಿ ಶುರುವಾಯಿತೆಂದು ನನ್ನ ಗುಮಾನಿ. ಯಾವ ಸುದ್ದಿ ಬಂದರೂ ಮೊದಲು ಅದನ್ನು ಸರಿಯಾಗಿ ಹೇಳುವುದು ಹೇಗೆ ಎಂದೇ ನನ್ನ ತಲೆ ಓಡುತ್ತದೆ. ಅಳು ಬರುವುದಿದ್ದರೆ ವಾರ ಕಳೆದು ಬರುತ್ತದೆ.

ಭಾರ್ಗವಿಯಮ್ಮ ಗಂಟು ಬಿಚ್ಚಿ, ತಾವು ಅವ್ವನಿಗೆ ಕೊಟ್ಟಿದ್ದ ಆ ಹೊಸ ಮುಂಡನ್ನು ತೆಗೆದುಕೊಂಡು ಒಳಗೆ ಹೋದರು. ಬಂದಾಗ ಕೈಯಲ್ಲಿದ್ದುದು ತೊಳೆದು ತೊಳೆದು ಅಂಚಿನ ಬಣ್ಣವೇ ಹೋಗಿದ್ದ ಒಂದು ಹಳೆಯ ಮುಂಡು. ತಮ್ಮ ಮೂವರು ಮಕ್ಕಳನ್ನೂ ಮಲಗಿಸಿದ್ದು ಇದರ ಮೇಲೆಯೇ ಎಂದರು. ಹಲ್ಲಿನಿಂದ ಅಂಚು ಕಚ್ಚಿ, ಪರ್ರನೆ ಎರಡಾಗಿ ಸೀಳಿ, ಅರ್ಧವನ್ನು ಮುಂದೆ ಚಾಚಿದರು.

"ಇದು ಮದಿಯೋ, ಸಾರೇ?"

ಸಾಕೇ ಎಂಬ ಆ ಮಾತನ್ನು ನಾನು ಅನುವಾದಿಸಬೇಕಾಗಲಿಲ್ಲ. ಅಪ್ಪನಿಗೆ ಸೆರಗಿರಲಿಲ್ಲ. ಅವರು ಒಂದು ಗಳಿಗೆ ತಡವರಿಸಿ, ಇಸ್ತ್ರಿ ಮಾಡಿದ ಅಂಗಿಯ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು. ಭಾರ್ಗವಿಯಮ್ಮ ಬಟ್ಟೆಯನ್ನು ಅದರೊಳಗೆ ಹಾಕಿದರು. ಅವ್ವ ಉಳಿದ ಮನೆಗಳಿಂದ ಕೇಳಿ ತಂದಿದ್ದ ತುಂಡುಗಳನ್ನೂ ಗಂಟಿನಿಂದ ಆರಿಸಿ ಹಾಕಿದರು. ಅಪ್ಪ ಹಾಗೆಯೇ ಒಡ್ಡಿಕೊಂಡು ಕಾಂಪೌಂಡು ದಾಟಿ ಬಂದರು. ಹೊಟ್ಟೆ ಅರ್ಧ ಕಾಣುತ್ತಿತ್ತು, ಬೀದಿಯಲ್ಲಿ ಇಬ್ಬರು ನಿಂತು ನೋಡಿದರು. ಅಪ್ಪನನ್ನು ನಾನು ಅಷ್ಟು ಪ್ರೀತಿಸಿದ್ದು ಮತ್ತೆ ಯಾವಾಗಲೂ ಇಲ್ಲ. ಅವ್ವ ಗೋಡೆಯಿಂದ ತಿರುಗಿ ನೋಡಿ, "ಅಂಗ್ಯಾಗ ಇಸಗೊಂಡ್ರೇನ್ರೀ?" ಎಂದಳು. ನಂತರ ಎದ್ದು ಒಲೆ ಹಚ್ಚಿದಳು.

ಐದನೆಯ ಮನೆಯ ಪಾಲು ರೋಸಿ ಚೇಚಿಯಿಂದ ಬಂತು. ಬಟ್ಟೆಯ ಬದಲು ಕ್ರೋಶಾ ಹೂಗಳು. ಚರ್ಚಿಗೆಂದು ಮಾಡಿದ್ದ ಹಾಸಿನಲ್ಲಿ ಅಳತೆ ತಪ್ಪಿ ಉಳಿದವು. ಅವ್ವ ಅವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಯೋಚಿಸಿದಳು. ತೂತುಗಳೇ ಹೆಚ್ಚಿರುವ ಇದನ್ನು ಅರಿವೆ ಎನ್ನಬಹುದೆ? ಅಜ್ಜಿಯನ್ನು ಕೇಳೋಣವೆಂದರೆ ಅಜ್ಜಿ ಧಾರವಾಡದಲ್ಲಿ. ಕೊನೆಗೆ, ಕೇಳಿದ್ದು ಹೌದು, ಕೊಟ್ಟದ್ದು ಹೌದು ಎಂದು ತಾನೇ ತೀರ್ಮಾನಿಸಿ, ಭಾರ್ಗವಿಯಮ್ಮನ ಮುಂಡಿನ ಮೆತ್ತನೆಯ ಬಿಳುಪಿನ ಮೇಲೆ ಹೂಗಳನ್ನು ಕೂರಿಸಿದಳು. ಬಗ್ಗಲಾಗದ ಹೊಟ್ಟೆಯಿಂದಾಗಿ ಅವ್ವ ಕಾಲು ಚಾಚಿ ಒಂದು ಬದಿಯಿಂದ ಹೊಲಿದರೆ, ರೋಸಿ ಚೇಚಿ ನೆಲಕ್ಕೆ ಕೂತು ಎದುರು ಬದಿಯಿಂದ ಹೊಲಿದಳು. ಅವಳ ಹೊಲಿಗೆ ನೇರ, ಅವ್ವನದು ಒತ್ತೊತ್ತು. ಎರಡೂ ಎಲ್ಲಿ ಕೂಡಿದವೆಂದು ಈಗಲೂ ಬೆರಳಾಡಿಸಿ ಹೇಳಬಲ್ಲೆ. ಕೊನೆಯ ಮೂಲೆ ಮುಚ್ಚುವ ಮುನ್ನ ಕೌದಿಯ ಉಡಿ ತುಂಬಬೇಕು, ಒಂದಿಷ್ಟು ಅಕ್ಕಿ, ಒಂದು ಚೂರು ಬೆಲ್ಲ. ಧಾರವಾಡದ ಒಣ ಹವೆಗೆ ಅದು ಸರಿ. ಕಲೂರಿನ ಇರುವೆಗಳಿಗೆ ಬೆಳಗಾಗುವಷ್ಟರಲ್ಲಿ ಸುದ್ದಿ ಮುಟ್ಟಿತು. ಮೂಲೆ ಬಿಚ್ಚಿ, ಕೊಡವಿ, ಬಿಸಿಲಿಗೆ ಹಾಕಿ, ಬೆಲ್ಲದ ಬದಲು ಅರಿಶಿನದ ಚೂರಿಟ್ಟು ಮತ್ತೆ ಹೊಲಿದದ್ದು ಅಪ್ಪ. ಅಷ್ಟು ಕೆಟ್ಟ ಹೊಲಿಗೆ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ತಂಗಿ ಹುಟ್ಟಿದಳು. ಅತ್ತಳು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತಿದ್ದ ನನಗೆ ಆ ಅಳು ಕೇಳಿಸಿತು. ಅಪ್ಪ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು. ಅವಳನ್ನು ಮನೆಗೆ ತಂದು ಐದು ಮನೆಯ ಅರಿವೆಯ ಮೇಲೆ ಮಲಗಿಸಿದರು. ಸೆಕೆಗೆ ಅವಳ ಬೆನ್ನಿನ ತುಂಬ ಬೆವರುಸಾಲೆ ಎದ್ದಿತು, ಕಾಲಿನ ಕಿರುಬೆರಳು ಕ್ರೋಶಾ ತೂತಿನಲ್ಲಿ ಸಿಕ್ಕಿ ಕಿರುಚಿ ಗಲ್ಲಿಯನ್ನೇ ಸೇರಿಸಿದಳು. ಅರಿವೆಯಿಂದ ಉಳಿದಳೋ ಆಸ್ಪತ್ರೆಯಿಂದ ಉಳಿದಳೋ ನಾನು ವಾದಿಸುವುದಿಲ್ಲ. ಉಳಿದಳು.

ಅವಳು ನಡೆಯಲು ಕಲಿತ ಮೇಲೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ದಿಣ್ಣೆಯ ಮೇಲೆ ಸರ್ಕಾರಿ ಕ್ವಾರ್ಟರ್ಸು, ಕೆಳಗಿನ ಬಸ್ ರಸ್ತೆಯವರೆಗೂ ಕೆಮ್ಮಣ್ಣಿನ ಇಳಿಜಾರು. ಬೆತ್ತದ ಕುರ್ಚಿಗಳಿಗೆ ದಿಂಬು ಬೇಕಾಗಿತ್ತು. ದರ್ಜಿಯ ಅಂಗಡಿಯಿಂದ ತಂದ ಚೂರುಗಳನ್ನು ಅವ್ವ ಜೋಡಿಸುತ್ತಿದ್ದಳು, ಅಂಚಿಗೆ ನಾನು ಕ್ರೋಶಾ ಹಾಕುತ್ತಿದ್ದೆ. ಅಪ್ಪ ಪಕ್ಕದಲ್ಲಿ ಪೇಪರು ಹಿಡಿದಿದ್ದರು. ಪಕ್ಕದ ಕ್ವಾರ್ಟರ್ಸಿನ ಹೆಂಗಸು ಪರಿಚಯ ಮಾಡಿಕೊಳ್ಳಲು ಬಂದವಳು ದಿಂಬನ್ನು ಮೆಚ್ಚಿ, ಊರು ಕೇಳಿ, ಆಮೇಲೆ ಎಲ್ಲರೂ ಕೇಳುವಂತೆ ಮಕ್ಕಳೆಷ್ಟು ಎಂದು ಕೇಳಿದಳು. ಅವ್ವನ ಮಲಯಾಳ ಅಷ್ಟರಲ್ಲಿ ಸುಧಾರಿಸಿತ್ತು.

"ರಂಡು," ಎಂದಳು, ನನ್ನನ್ನೂ ತಂಗಿಯನ್ನೂ ತೋರಿಸಿ.

"ನಾಲು," ಎಂದರು ಅಪ್ಪ, ಪೇಪರಿನಿಂದ ತಲೆಯೆತ್ತದೆ. "ರಂಡು ಪೇರ್ ಪೋಯಿ."

ನಾಲ್ಕು, ಇಬ್ಬರು ಹೋದರು. ಆ ಹೆಂಗಸು ಅಯ್ಯೋ ಎಂದು ನಾಲ್ಕು ಮಾತಾಡಿ, ಚಹಾ ಕುಡಿದು ಹೋದಳು. ಅವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟು ಕೂತಿದ್ದಳು.

"ಹೆಸರಿಡದ ಕೂಸನ್ನೂ ಎಣಿಸಿದ್ರೇನ್ರೀ?"

"ಎಣಿಸಬಾರದೇನು?"

ಅವ್ವ ಸೂಜಿ ಕಿತ್ತು ಮತ್ತೆ ಹೊಲಿಯತೊಡಗಿದಳು. ಕೆಲವು ದಿನ ಕಳೆದು ರೇಷನ್ ಅಂಗಡಿಯ ಸಾಲಿನಲ್ಲಿ ನಾವಿಬ್ಬರೂ ನಿಂತಿದ್ದಾಗ ಹಿಂದಿನ ಮುದುಕಿಯೊಬ್ಬಳು ನನ್ನ ತಲೆ ಸವರಿ, ಮಕ್ಕಳು ಎಷ್ಟಮ್ಮಾ ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಲಿಲ್ಲ.

"ನಾಲು," ಎಂದಳು.